ನಾಯಿಗೂ ಅದೇ ಕೆಮ್ಮು

ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟರ್ ಮಾರ್ಲೂಸಿ ಮತ್ತೆ ಮತ್ತೆ ನೋಡಿದಳು. ಶ್ವಾಸಕೋಶದ ತುಂಬ ಬಿಳಿ ಚುಕ್ಕೆ. ಮೊದಲು ನೋಡಿದವರು ಕ್ಷಯವೆಂದು ಕೊಟ್ಟ ಮಾತ್ರೆಗಳನ್ನು ಜೆನಿವಾಲ್ದೊ ಒಂದೂ ಬಿಡದೆ ನುಂಗಿದ್ದ. ಆದರೂ ಕಲ್ಲುಗುಂಡಿನಂಥ ಆಳು ಕಡ್ಡಿಯಾಗಿದ್ದ. ಹೀಗೇ ಬಿಟ್ಟರೆ ಮುಂದಿನ ಮಳೆ ಕಾಣಲಾರ.

"ಧೂಳಿನ ಕೆಲಸ ಏನಾದ್ರೂ ಮಾಡಿದ್ರಾ?"

"ಇಲ್ಲ ಡಾಕ್ಟ್ರಮ್ಮ. ಹೊಲ, ಮನೆ, ಅಷ್ಟೇ."

"ಬಾವಿ ಗೀವಿ ತೋಡಿದ್ದು?"

"ಊಹೂಂ."

ಇಷ್ಟು ಬೇಗ ಬರುವ ಉತ್ತರವನ್ನು ಮಾರ್ಲೂಸಿ ನಂಬುವವಳಲ್ಲ. ಅವಳೂ ಪಿಯಾವಿಯ ಈ ಒಣನಾಡಿನಲ್ಲೇ ಹುಟ್ಟಿದವಳು. ಅವನ ಹೆಂಡತಿ ಜಿಲ್ದಾಳ ಕಡೆ ತಿರುಗಿದಳು. "ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು ಇದ್ಯೇನಮ್ಮ?"

"ಮಕ್ಕಳು ನಾನು ಎಲ್ಲಾ ಗಟ್ಟಿಮುಟ್ಟು. ನಾಯಿ ಒಂದು ಕೆಮ್ಮುತ್ತೆ. ಯಜಮಾನನಿಗೆ ತಕ್ಕ ನಾಯಿ ಅಂತ ಪಕ್ಕದ್ಮನೆಯವ್ರು ನಗ್ತಾರೆ."

"ಸುಮ್ನಿರೇ!" ಎಂದ ಜೆನಿವಾಲ್ದೊ. ಮುಂದಿನ ಮಾತನ್ನು ಕೆಮ್ಮು ನುಂಗಿತು.

ಮಾರ್ಲೂಸಿಯ ಕಿವಿ ನೆಟ್ಟಗಾಯಿತು. ಹೆಂಡತಿ ಮಕ್ಕಳಿಗಿಲ್ಲ, ನಾಯಿಗಿದೆ. ಗಂಡಸೂ ನಾಯಿಯೂ ಕೂಡಿ ಮೂಗು ತೂರಿಸುವ ಜಾಗ ಯಾವುದಪ್ಪ? ತಾತುವಿನ ಬಿಲ! ಬೆನ್ನಿಗೆ ಚಿಪ್ಪು ಹೊತ್ತ ಆ ಪ್ರಾಣಿಯನ್ನು ನಾಯಿ ಬಿಲಕ್ಕೆ ಅಟ್ಟುತ್ತದೆ, ಗಂಡಸು ಒಳಗೆ ತಲೆಯಿಟ್ಟು ಅಗೆಯುತ್ತಾನೆ. ಅವಳಪ್ಪನೂ ಹಿಡಿದು ತರುತ್ತಿದ್ದ. ಈಗ ಆ ಬೇಟೆಗೆ ನಿಷೇಧ, ಸಿಕ್ಕಿಬಿದ್ದರೆ ಜೈಲು.

"ನಾನೇನು ಪೊಲೀಸಲ್ಲಪ್ಪ," ಎಂದಳು. "ತಾತು ಸಾರಿಗೆ ತೆಂಗಿನಹಾಲು ಹಾಕ್ತೀರೋ ಇಲ್ವೋ, ಅಷ್ಟು ಹೇಳಿ ಸಾಕು."

ಜೆನಿವಾಲ್ದೊ ನೆಲ ನೋಡಿದ. ಕಿವಿ ಕೆರೆದುಕೊಂಡ. "ಹಾಕ್ದೆ ಇದ್ರೆ ಅದೆಂಥ ಸಾರು, ಡಾಕ್ಟ್ರಮ್ಮ!"

ಅವನ ಕಫವನ್ನು ಈ ಸಲ ಬೇರೆ ಕಣ್ಣಿನಿಂದ ನೋಡಿದಳು. ಸೂಕ್ಷ್ಮದರ್ಶಕದಡಿ ದುಂಡುದುಂಡು ಚೀಲಗಳು, ಒಳಗೆ ಸೀಬೆಹಣ್ಣಿನ ಬೀಜದಂತೆ ಕಿಕ್ಕಿರಿದ ಕಣಗಳು. ಬಿಲದ ಮಣ್ಣಿನ ಬೂಷ್ಟು, ಉಸಿರಿನ ಜೊತೆ ಎದೆಗಿಳಿದದ್ದು.

ಅವನೂ ಒಂದು ಕಣ್ಣು ಮುಚ್ಚಿ ಬಗ್ಗಿದ. "ಇಷ್ಟೇ ಇಷ್ಟಿರೋದಾ ನನ್ನ ಕೆಡವಿದ್ದು?"

"ಇದಕ್ಕೆ ಬೇರೆ ಮಾತ್ರೆ ಇದೆ. ತಿಂಗಳುಗಟ್ಟಲೆ ನುಂಗ್ಬೇಕು, ಆದ್ರೆ ಏಳ್ತೀರಿ. ಈಗ ಹೇಳಿ, ಜೊತೇಲಿ ಅಗೆದವ್ರು ಯಾರು?"

ಅವನು ಮತ್ತೆ ನೆಲ ನೋಡಿದ. ತನ್ನ ಸುಳ್ಳು ತನ್ನದು. ಗೆಳೆಯನ ಹೆಸರು ಹೇಳುವುದು ಹೇಗೆ? ಅಷ್ಟರಲ್ಲಿ ಅಂಗಳದಿಂದ ಕೆಮ್ಮು ಕೇಳಿಸಿತು. ಅವರನ್ನು ಇಲ್ಲಿಗೆ ಬೈಕಿನಲ್ಲಿ ಕರೆತಂದ ಅಡೌಟೊ, ಒಳಗೆ ಬರಲೊಲ್ಲೆನೆಂದು ಬಿಸಿಲಲ್ಲೇ ನಿಂತಿದ್ದ.

ಮಾರ್ಲೂಸಿ ಇನ್ನೊಂದು ಖಾಲಿ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

ಜೆನಿವಾಲ್ದೊ ಗೋಡೆ ಹಿಡಿದು ಎದ್ದು ಬಾಗಿಲಿಗೆ ಹೋದ. "ಒಳಗೆ ಬಾರೋ ಮಾರಾಯ," ಎಂದು ಕೂಗಿದ, "ಸಾರಿನ ವಿಷಯ ಎಲ್ಲಾ ಹೇಳಾಯ್ತು!"