ಬಿಜಲಿಯ ತಾಟು

ಅಂಬಿಕಾ ಹಾಲಿನಲ್ಲಿ ನೆನೆಸಿದ ರೊಟ್ಟಿಯ ತಾಟನ್ನು ಮತ್ತೊಮ್ಮೆ ಬಿಜಲಿಯ ಮುಂದೆ ಸರಿಸಿ, ಮೊಬೈಲು ಹಿಡಿದು ಎದುರಿಗೇ ಕುಳಿತಳು. ನಾಯಿ ತಾಟನ್ನು ಮೂಸಿತು, ಅವಳ ಮುಖ ನೋಡಿತು, ಗೋಡೆಯ ಕಡೆ ಹೊರಳಿತು.

ಅದರ ವಸಡಿನ ಗಂಟು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಸೇಡಂನಿಂದ ಹೈದರಾಬಾದಿಗೆ ಒಯ್ದು, ಕೆಳದವಡೆಯ ಎಡಭಾಗವನ್ನು ತೆಗೆಸಿ ಒಂಬತ್ತು ದಿನವಾಗಿತ್ತು. ನಾಲಿಗೆ ಆ ಕಡೆಯಿಂದ ಜೋತುಬಿದ್ದು ಜೊಲ್ಲು ಸೋರುತ್ತಿತ್ತು. ಅಂಬಿಕಾ ಸಿರಿಂಜಿನಿಂದ ಗಂಜಿ ಹಾಕುತ್ತಿದ್ದಳು. ಇವತ್ತೂ ತಾನಾಗಿ ತಿನ್ನದಿದ್ದರೆ ನಾಳೆ ಕರೆತನ್ನಿ, ಕುತ್ತಿಗೆಯಲ್ಲಿ ಊಟದ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ತಿಂದರೆ ವಿಡಿಯೊ ಕಳಿಸಲು ಹೇಳಿದ್ದರು.

ಕೊಯ್ಯುವುದು ಬೇಡ, ಇದ್ದಷ್ಟು ದಿನ ಇರಲಿ ಎಂದು ಮೊದಲು ಅಂದವನು ಗಂಡ ಅಮರನಾಥ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ಅವಳು. ಅವನು ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಬೆಳಿಗ್ಗೆ ಸಿಮೆಂಟ್ ಫ್ಯಾಕ್ಟರಿಗೆ ಹೊರಡುವಾಗ ನಾಯಿಯ ಕಡೆ ನೋಡದೆ ಕೇಳಿದ್ದು ಇಷ್ಟೇ: "ನಾಳಿ ಗಾಡಿಗಿ ಹೇಳ್ಲೇನು?"

ಮೂಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಮರೆಮ್ಮ ಮೊರದಿಂದ ತಲೆಯೆತ್ತಿದಳು.

"ಉಣ್ಣೋರ ಬಾಯಾಗ ಹಂಗ ಕಣ್ಣಿಟ್ಟು ಕುಂತ್ರ ಯಾರಿಗಿ ತುತ್ತು ಇಳೀತದ? ನನ್ನ ಮಗಗ ನೀ ಹಿಂಗ ನೋಡಿದ್ರ ಅವ ಎಂದೋ ಸೊರಗಿ ಹೋಗ್ತಿದ್ದ."

"ಡಾಕ್ಟರೇ ನೋಡಂದಾರ್ರಿ, ಅತ್ತಿ."

"ಅವ ತನ್ನ ಮನ್ಯಾಗ ಬಾಗ್ಲಾ ಹಾಕ್ಕೊಂಡೇ ಉಣ್ತಾನ. ಏಳು. ರೊಟ್ಟಿ ಬಡಿ."

ಅಂಬಿಕಾ ಎದ್ದಳು. ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಬಿಜಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕುಳಿತಳು. ಹಿಂದೆಲ್ಲ ರೊಟ್ಟಿ ಬಡಿವ ಸದ್ದಿಗೆ ಅದು ಓಡಿ ಬಂದು ಮಗ್ಗುಲಲ್ಲಿ ಕೂರುತ್ತಿತ್ತು. ಮೊದಲ ರೊಟ್ಟಿ ಬೆಂದಿತು. ಬೆನ್ನ ಹಿಂದೆ ಸದ್ದಿಲ್ಲ. ಎರಡನೆಯದು ಬೇಯುವಾಗ ಅವಳ ಕುತ್ತಿಗೆ ತಾನಾಗಿ ತಿರುಗಿತು, ಅತ್ತೆ ಕೆಮ್ಮಿದಳು.

ಮೂರನೆಯದನ್ನು ಬಡಿಯುತ್ತಿದ್ದಾಗ ಶಾಬಾದ್ ಕಲ್ಲಿನ ನೆಲದ ಮೇಲೆ ತಾಟು ಕರ್ರೆಂದು ಜರುಗಿತು. ನಿಂತಿತು. ಲೊಚಲೊಚ ನೆಕ್ಕುವ ಸದ್ದು. ತಾಟು ಇನ್ನೊಂದು ಗೇಣು ಜರುಗಿ ಗೋಡೆಗೆ ತಾಗಿತು.

ಅಂಬಿಕಾ ಮೊಬೈಲಿನ ಕಡೆ ನೋಡಿದಳು. ಅತ್ತೆಯ ಕಡೆ ನೋಡಿದಳು. ಮರೆಮ್ಮನ ಕಣ್ಣು ಬೇಳೆಯ ಮೇಲೇ ಇತ್ತು, ಬೆರಳು ಮಾತ್ರ ಆಡುತ್ತಿರಲಿಲ್ಲ.

ಕೈ ನಿಲ್ಲಿಸಿದರೆ ಅದೂ ನಿಲ್ಲಿಸೀತೆಂದು ಅಂಬಿಕಾ ಬಡಿಯುತ್ತಲೇ ಹೋದಳು. ರೊಟ್ಟಿ ತೆಳ್ಳಗಾಗಿ, ಅಂಚು ಹರಿದು, ಹಲಗೆ ದಾಟಿ ಕಲ್ಲಿನ ಮೇಲಿಳಿಯಿತು.