ಅತ್ತೆಯ ನೆರಿಗೆ

ಸಾಬೂನಿನ ವಾಸನೆ ಇನ್ನೂ ಬೆರಳಲ್ಲೇ ಇದೆ, ಇದೇ ಕೈಯಲ್ಲಿ ಅತ್ತೆಯ ಸೀರೆ ಮುಟ್ಟಿದರೆ ಏನನ್ನುತ್ತಾರೋ, ಅವರೋ ಎಡಗೈಯಲ್ಲಿ ಬೀರುವಿನ ಹಿಡಿ ಹಿಡಿದು ಕೊಕ್ಕರೆಯ ಹಾಗೆ ನಿಂತಿದ್ದಾರೆ, ಬಲಗೈ ಪಕ್ಕದಲ್ಲಿ ಜೋತಾಡುತ್ತಿದೆ, ಲಕ್ವ ಹೊಡೆದಾಗಿನಿಂದ ಅದು ಅವರದಲ್ಲ, ಯಾರದೋ ಸಾಮಾನು — ಬೇಗ ಕಣೇ, ತಂಗಿ ಬಂದುಬಿಡ್ತಾಳೆ, ನೈಟಿಯಲ್ಲಿ ನೋಡಿದ್ರೆ ಅಯ್ಯೋ ಪಾಪ ಅಂತಾಳೆ, ಅದು ಮಾತ್ರ ನಂಗೆ ಬೇಡ. ಸೊಸೆಯಾದ ಇವಳಿಗೂ ಗೊತ್ತು, ಚಿಕ್ಕತ್ತೆಯ ಅಯ್ಯೋ ಪಾಪ ಕೇಳಿದರೆ ಗಟ್ಟಿಮುಟ್ಟಾದವರೂ ಹಾಸಿಗೆ ಹಿಡಿಯಬೇಕು, ಆದರೆ ಈ ಕಚ್ಚೆ! ಇವಳು ಉಟ್ಟಿದ್ದೆಲ್ಲ ಆರು ಗಜ, ಇದು ಒಂಬತ್ತು, ಸೊಂಟಕ್ಕೆ ಗಂಟು ಹಾಕಿ, ನೆರಿಗೆ ಹಿಡಿದು, ಅಂಚನ್ನು ಕಾಲ ನಡುವಿನಿಂದ ತಂದು ಹಿಂದೆ ಸಿಕ್ಕಿಸಬೇಕು, ಎದುರು ಮಂಡಿಯೂರಿ ಹಿಡಿದ ನೆರಿಗೆ ತಿರುಗುಮುರುಗಾಗಿ ಮತ್ತೆ ಮತ್ತೆ ಜಾರುತ್ತದೆ — ಇದೇನೇ, ನೆರಿಗೆಯೋ ಹಾಸಿಗೆ ಸುತ್ತಿದ್ದೋ — ನಗು ಬಂತು, ಅವರಿಗೂ ಬಂತು, ನಕ್ಕರೆ ಕಾಲು ನಡುಗುತ್ತದೆ, ನಗಬೇಡಿ ಅತ್ತೆ. ಮಗಳಿಗೆ ಜಡೆ ಹಾಕುವಾಗ ಎದುರು ನಿಲ್ತೀಯಾ, ಹಿಂದೆ ಬಾ. ಹಿಂದೆ ಹೋದಳು, ತೋಳು ಅವರ ಸುತ್ತ ಹಾಕಿದಳು, ಹಾಕಿದ ಮೇಲೆ ತಿಳಿಯಿತು, ಈ ಮನೆಗೆ ಬಂದಾಗಿನಿಂದ ಲೋಟ ಕೊಟ್ಟಿದ್ದಿದೆ, ಮಾತ್ರೆ ಕೊಟ್ಟಿದ್ದಿದೆ, ಉಪ್ಪಿನ ವಿಷಯಕ್ಕೆ ಮುನಿಸಿಕೊಂಡಿದ್ದಿದೆ, ಈಗೀಗ ಸ್ನಾನವನ್ನೂ ಮಾಡಿಸುತ್ತಾಳೆ, ತಬ್ಬಿದ್ದೊಂದಿಲ್ಲ, ಬೆನ್ನು ಎಷ್ಟು ಸಣ್ಣದು, ಜ್ವರ ಬಿಟ್ಟ ಮಗುವಿನದರ ಹಾಗೆ — ನಿನ್ನ ಎಡಗೈ ತೆಗಿ, ಅದು ದಂಡ, ನನ್ನ ಹತ್ರ ಒಂದಿದೆ — ಹಾಗಂದು ಬೀರುವಿನ ಹಿಡಿಯನ್ನು ಬಿಟ್ಟೇಬಿಟ್ಟರು, ಇಡೀ ಭಾರ ಇವಳ ಮೈಮೇಲೆ, ಬಿದ್ದರೆ? ಬೀಳಲಿಲ್ಲ, ಇವಳ ಎಡಗೈ ಅವರ ಸೊಂಟ ಬಳಸಿತು, ಬಲಗೈ ಮುಂದೆ, ಅವರ ಎಡಗೈ ಅಳತೆ ಕೊಡುತ್ತದೆ, ಇವಳ ಬಲಗೈ ಮಡಿಸುತ್ತದೆ, ಹಾಂ, ಇನ್ನೊಂದು, ಗೇಣಿಗಿಂತ ಸಣ್ಣಕ್ಕೆ, ಹಾಂ — ಕರೆಗಂಟೆ. ಅತ್ತೆ, ಚಿಕ್ಕತ್ತೆ ಬಂದ್ರು. ನಿಲ್ಲಲಿ ಬಿಡೇ ಬಾಗಿಲಲ್ಲಿ, ಅವಳಿಗೇನು, ಎರಡು ಕೈಯೂ ನೆಟ್ಟಗಿದೆ, ಒತ್ತುತ್ತಾ ಇರಲಿ — ಮತ್ತೆ ಗಂಟೆ, ಒಲೆಯ ಮೇಲೆ ಹಾಲು, ಉಕ್ಕಿದರೆ ಉಕ್ಕಲಿ, ಕಚ್ಚೆ ಸಿಕ್ಕಿಸಬೇಕು, ಸೆರಗು ಇನ್ನೂ ನೆಲದಲ್ಲೇ, ಆದರೂ ಕೈ ತೆಗೆಯಲು ಮನಸ್ಸಾಗುತ್ತಿಲ್ಲ, ನೆರಿಗೆಯ ಆ ಕಡೆ ಅವರ ಸುಕ್ಕು ಹೆಬ್ಬೆರಳು, ಈ ಕಡೆ ಇವಳದು, ನಡುವೆ ಬಟ್ಟೆ, ಎರಡು ಹೆಬ್ಬೆರಳು, ನಡುವೆ ಬಟ್ಟೆ —