ಚರ್ಚಿನ ಬಾಗಿಲಿಗೆ ಹನ್ನೊಂದು ಸಿಗಾರು

ಲಡ್ಲೋ ಊರಿನ ಅರ್ಧದಷ್ಟು ಹುಡುಗಿಯರಿಗೆ ಆಗ ಗರಗಸದ ಹುಚ್ಚು. ಕಾಲಲ್ಲಿ ತುಳಿಯುವ ಸಣ್ಣ ಗರಗಸದಿಂದ ತೆಳು ಹಲಗೆಯಲ್ಲಿ ಬಳ್ಳಿ, ಎಲೆ, ಹಕ್ಕಿ ಕೊರೆಯುವುದೇ ಕೆಲಸ. ಆದರೆ ಮರದ ಹುಡಿ ಪುಡಿಂಗಿನಲ್ಲಿ ಸಿಕ್ಕಿದ್ದು ಟ್ಯಾಪ್ಲಿಯವರ ಮನೆಯಲ್ಲಿ ಮಾತ್ರ. ಅಲ್ಲಿ ಗರಗಸವಿದ್ದದ್ದು ಊಟದ ಕೋಣೆಯಲ್ಲೇ.

"ನೆಟ್ಟಗಿರೋ ಹಲಗೆಗೆ ತೂತು ಮಾಡಿಟ್ಟು ಕಲೆ ಅಂತೀಯಲ್ಲೇ ಹೆಸ್ಟರ್!" ಎಂದರು ಅಪ್ಪ, ಹಲ್ಲಿನ ಸಂದಿಯಿಂದ ಹುಡಿ ತೆಗೆಯುತ್ತ. "ಶನಿವಾರದ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದ್ರೆ ಸರಿ. ಇಲ್ದಿದ್ರೆ ಆ ಗರಗಸ ಈ ಕೋಣೇಲಿ ಇರೋ ಹಾಗಿಲ್ಲ."

ಗರಗಸ ಹೋದರೆ ಹತ್ತೊಂಬತ್ತರ ಹೆಸ್ಟರಳ ಪಾಲಿಗೆ ಉಳಿಯುವುದು ಕಸೂತಿ. ಕಸೂತಿಯೆಂದರೆ ಅವಳಿಗೆ ಮೈಯೆಲ್ಲ ಉರಿ.

ಪ್ರದರ್ಶನಕ್ಕೆಂದು ಅವಳು ಮಾಡುತ್ತಿದ್ದದ್ದು ಚರ್ಚಿನ ಆಕಾರದ ಗಡಿಯಾರದ ಗೂಡು. ಬುಧವಾರ, ಇನ್ನೇನು ಮುಗಿಯಿತು ಅನ್ನುವಾಗ ಚರ್ಚಿನ ಬಾಗಿಲು ಚಟ್ಟನೆ ಮುರಿಯಿತು. ಇಡೀ ಗೂಡು ಸಿಗಾರ್ ಪೆಟ್ಟಿಗೆಗಳ ಹಲಗೆಯದು. ಬೇರೆ ಮರ ಹಾಕಿದರೆ ಬಣ್ಣ ಹೊಂದದು. ಮನೆಯಲ್ಲಿದ್ದದ್ದು ಒಂದೇ ಪೆಟ್ಟಿಗೆ, ಅದರಲ್ಲಿ ಇನ್ನೂ ಹನ್ನೊಂದು ಸಿಗಾರು.

"ಅಪ್ಪಾ, ಇವನ್ನ ಬೇರೆ ಡಬ್ಬೀಲಿ ಹಾಕಿಡ್ಲಾ?"

"ಮುಟ್ಟಿದ್ರೆ ನೋಡು! ಸಿಗಾರು ಅದರ ಪೆಟ್ಟಿಗೇಲೇ ಇರ್ಬೇಕು. ಅದಕ್ಕೂ ಒಂದು ಮರ್ಯಾದೆ ಇದೆ."

ಗುರುವಾರ ಅಪ್ಪ ಪರವೂರಿಗೆ ಹೊರಟದ್ದೇ ತಡ, ಹೆಸ್ಟರ್ ಪೆಟ್ಟಿಗೆ ಎತ್ತಿಕೊಂಡು ಸಿಗಾರು ಸುರಿಯಲು ತಿಪ್ಪೆಯತ್ತ ನಡೆದಳು. ಅಪ್ಪನ ತಂಗಿ ಪ್ರುಡೆನ್ಸ್ ಅಡ್ಡ ಬಂದಳು. ಒಂದು ಭಾನುವಾರವೂ ಚರ್ಚು ತಪ್ಪಿಸದವಳು, ಉರಿದುಳಿದ ಮೇಣದಬತ್ತಿಯ ತುಂಡನ್ನೂ ಎತ್ತಿಡುವವಳು.

"ಹಾಳು ಮಾಡೋದು ಪಾಪ ಕಣೇ."

"ಮತ್ತೇನ್ ಮಾಡ್ಲಿ ಅತ್ತೆ?"

ಅತ್ತೆ ಸಿಗಾರುಗಳನ್ನು ಒಂದೊಂದಾಗಿ ಎಣಿಸಿದಳು. "ಬೆಂಕಿಪೊಟ್ಟಣ ತಾ."

ಹೆಸ್ಟರ್ ಎರಡು ಸೇದಿ ಎಲೆಕೋಸಿನ ಪಾತಿಯಲ್ಲಿ ಅಂಗಾತ ಬಿದ್ದಳು. ಅಡುಗೆಯವಳು ಮೂರು ಸೇದಿ, ದೇವರಾಣೆ ಇನ್ನು ಒಲ್ಲೆ ಎಂದಳು. ಉಳಿದ ಆರನ್ನು ಅತ್ತೆ ಒಬ್ಬಳೇ ಮುಗಿಸಿದಳು, ಅದೂ ಭಜನೆ ಗುನುಗುತ್ತ. ಮೋಟು ಬೇಲಿಯಾಚೆಯಿಂದ ನೆರೆಯವನೊಬ್ಬ ಬೆಂಕಿ ಬಿದ್ದಿದೆಯೆಂದು ಬಕೆಟ್ಟು ಹಿಡಿದು ಓಡಿ ಬಂದು, ಅತ್ತೆಯ ಮುಖ ನೋಡಿ ಹಾಗೇ ಹಿಂದೆ ಹೋದ.

ಶುಕ್ರವಾರ ಸಂಜೆ ಅಪ್ಪ ಊರಿಂದ ಬಂದು ಪೆಟ್ಟಿಗೆ ಹುಡುಕಿದರು. ಅಷ್ಟರಲ್ಲಿ ಅದರ ಹಲಗೆ ಚರ್ಚಿನ ಬಾಗಿಲಾಗಿಬಿಟ್ಟಿತ್ತು.

"ನಾನು ಸೇದಿದೆ," ಎಂದಳು ಸುಳ್ಳು ಬಾರದ ಅತ್ತೆ.

ಅಪ್ಪ ಹೊಟ್ಟೆ ಹಿಡಿದು ನಕ್ಕರು. "ಎಲಾ ಪ್ರುಡೆನ್ಸ್, ನಿಂಗೂ ತಮಾಷೆ ಬರುತ್ತಾ!" ತಾವೇ ಸೇದಿ ಮರೆತಿರಬೇಕೆಂದುಕೊಂಡು ಸುಮ್ಮನಾದರು.

ಶನಿವಾರ ತೀರ್ಪುಗಾರ ಪಾದ್ರಿ ಗಡಿಯಾರದ ಗೂಡಿಗೆ ಮೂಗು ತಾಗಿಸಿ ನೋಡಿದರು. ಒಳಗಿನ್ನೂ ಹೊಗೆಸೊಪ್ಪಿನ ಘಾಟು. ಮೂರು ಸೀನು ಸೀನಿ, ಮೂರನೆಯ ಬಹುಮಾನ ಕೊಟ್ಟರು. ಮೊದಲನೆಯದು ಇನ್ಯಾರದೋ ಚಪ್ಪಲಿ ಗೂಡಿಗೆ ಹೋಯಿತು.

ಮನೆಗೆ ಬರುವಾಗ ಗಾಡಿಯಲ್ಲಿ ಹೆಸ್ಟರ್ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಗೂಡನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ತೂತಿಗೂ ಕಿರುಬೆರಳು ತೂರಿಸುತ್ತ ಕೂತಿದ್ದರು.

ಸೋಮವಾರ ಬೆಳಿಗ್ಗೆ ಗರಗಸ ಅದರ ಜಾಗದಲ್ಲಿರಲಿಲ್ಲ. ಮಾರಿಯೇ ಬಿಟ್ಟರೆಂದು ಹೆಸ್ಟರ್ ಅಂದುಕೊಂಡಳು. ಆಗ ಅಪ್ಪನ ಓದುಕೋಣೆಯಿಂದ ಕರಕರ ಸದ್ದು ಕೇಳಿಸಿತು. ಹೋಗಿ ಬಾಗಿಲು ತಳ್ಳಿದಳು. ಅಪ್ಪ ಗರಗಸದ ಮುಂದೆ ಕೂತು ಬೆವರುತ್ತ ತುಳಿಯುತ್ತಿದ್ದಾರೆ, ಮೀಸೆಯ ತುಂಬ ಹುಡಿ. ಹೊಚ್ಚ ಹೊಸ ಪೆಟ್ಟಿಗೆಯ ಮುಚ್ಚಳ ಗರಗಸದ ಬಾಯಲ್ಲಿದೆ. ಇಪ್ಪತ್ತೈದು ಸಿಗಾರು ಅವರ ಉದ್ದನೆಯ ಟೋಪಿಯೊಳಗೆ ತುರುಕಿಕೊಂಡಿವೆ.

"ಆ ಕೋಣೇಲಿ ಇರ್ಕೂಡ್ದು ಅಂದಿದ್ದೆ, ಅಷ್ಟೇ," ಎಂದರು ಅಪ್ಪ. ಆಮೇಲೆ ದನಿ ತಗ್ಗಿಸಿ, "ಹೆಸ್ಟರ್, ಅಂಚಿಂದ ಕೊಯ್ಯದೆ ನಡೂ ಮಧ್ಯ ತೂತು ಮಾಡೋದು ಹೇಗೇ?"

ಹೆಸ್ಟರ್ ಕಣ್ಣೊರೆಸಿಕೊಂಡಳು. "ಮಂಗಳವಾರ, ಗುರುವಾರ ಹೇಳ್ಕೊಡ್ತೀನಿ. ಮಿಕ್ಕ ದಿನ ಗರಗಸ ನಂದು."

"ಇವತ್ತು ಸೋಮವಾರ ಅಲ್ವೇನೇ..."

"ಹೌದು. ಏಳಿ ಅಪ್ಪಾ."

ಅಪ್ಪ ಎದ್ದು ಜಾಗ ಬಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಪ್ರುಡೆನ್ಸ್ ಅತ್ತೆ ಕಾಣಿಸಿಕೊಂಡಳು.

"ಟೋಪೀಲಿಟ್ರೆ ಅವು ಕೆಟ್ಟುಹೋಗಲ್ವೇನಣ್ಣಾ?" ಎಂದಳು. ಅವಳ ಕೈಯಲ್ಲಿ ಬೆಂಕಿಪೊಟ್ಟಣವಿತ್ತು.